ಆರು ತಿಂಗಳ ಆಡಳಿತಾಧಿಕಾರಿ

ಒಂದು ದೇಶಕ್ಕೆ ಕಾನೂನು ಬರೆಯಲು ಏನೇನು ಬೇಕು ಎಂದು ಯಾರಾದರೂ ಕೇಳಿದರೆ ನಾನು ತಡವರಿಸದೆ ಹೇಳಬಲ್ಲೆ. ಇನ್ನೊಂದು ದೇಶದ ಹಳೆಯ ಕಾನೂನಿನ ಪುಸ್ತಕ ಬೇಕು, ಒಂದು ವರ್ಡ್ ಪ್ರೊಸೆಸರ್ ಯಂತ್ರ ಬೇಕು, ಅದನ್ನು ಕುಟ್ಟಲು ನನ್ನಂಥವಳೊಬ್ಬಳು ಬೇಕು. ಇಷ್ಟರ ಮೇಲೆ, ಆ ದೇಶವನ್ನು ಜನ್ಮದಲ್ಲಿ ಕಣ್ಣಾರೆ ಕಾಣದ ಒಬ್ಬ ಪಂಡಿತರು ಬೇಕು. ಎಂಬತ್ತರ ದಶಕದ ನಡುವೆ ಕ್ಯಾಲಿಫೋರ್ನಿಯಾದ ಓಕ್ಲ್ಯಾಂಡಿನ ಒಂದು ಕಚೇರಿಯಲ್ಲಿ ಇವೆಲ್ಲವೂ ಕೂಡಿಬಂದಿದ್ದವು.

ದೇಶ ಎಂದರೆ ಪೆಸಿಫಿಕ್ ಸಾಗರದಲ್ಲಿ ಅಲ್ಲೊಂದು ಇಲ್ಲೊಂದು ಚೆಲ್ಲಿಕೊಂಡಿದ್ದ ದ್ವೀಪಗಳು. ಜನಸಂಖ್ಯೆ ನಮ್ಮ ಕಡೆಯ ಒಂದು ತಾಲ್ಲೂಕಿನಷ್ಟೂ ಇರಲಿಲ್ಲ. ರಾಜಧಾನಿಯ ದ್ವೀಪದಲ್ಲಿ ಪರದೇಶದ ಬ್ಯಾಂಕಿನ ಶಾಖೆಯೊಂದಿತ್ತು, ಉಳಿದ ಕಡೆ ಏನೂ ಇರಲಿಲ್ಲ. ಅಲ್ಲಿನ ಹೆಂಗಸರು ಚಾಪೆ ಹೆಣೆದು, ಮೀನು ಮಾರಿ, ತಮ್ಮತಮ್ಮಲ್ಲೇ ಉಳಿತಾಯದ ಗುಂಪು ಕಟ್ಟಿಕೊಂಡಿದ್ದರು. ಆ ಗುಂಪುಗಳು ಸಹಕಾರಿ ಬ್ಯಾಂಕುಗಳಾಗಬೇಕಾದರೆ ಒಂದು ಕಾನೂನು ಬೇಕಿತ್ತು. ಯಾವುದೋ ನೆರವಿನ ಹಣದಲ್ಲಿ ಅದನ್ನು ಬರೆದುಕೊಡುವ ಕೆಲಸ ನಮ್ಮ ಕಚೇರಿಗೆ ಬಂತು. ನಮ್ಮ ಬಾಸು ಒಬ್ಬ ಎತ್ತರದ, ಸೌಮ್ಯ ಸ್ವಭಾವದ ಅಮೆರಿಕನ್. ಏನು ಹೇಳಿದರೂ ‘ವಂಡರ್‌ಫುಲ್’ ಎನ್ನುತ್ತಿದ್ದ. ಮನೆಗೆ ಬೆಂಕಿ ಬಿದ್ದಿದೆ ಎಂದರೂ ಮೊದಲು ಅದನ್ನೇ ಅನ್ನುತ್ತಿದ್ದನೋ ಏನೋ.

ಪಂಡಿತರು ನಮ್ಮವರೇ, ಅಚ್ಚ ಕನ್ನಡಿಗರು. ಊರಿನಲ್ಲಿ ಸಹಕಾರ ಇಲಾಖೆಯ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾಗಿ, ಮೌಂಟನ್ ವ್ಯೂನಲ್ಲಿದ್ದ ಮಗನ ಮನೆಗೆ ಬಂದು ನೆಲೆಸಿದ್ದರು. ಹೆಸರಿನ ಹಿಂದೆ ಡಾಕ್ಟರ್ ಇತ್ತು, ಮೈಮೇಲೆ ಬೇಸಿಗೆಯಲ್ಲೂ ಕೋಟು ಇತ್ತು. ಆಗ ಬೇ ಏರಿಯಾದ ಕನ್ನಡಿಗರೆಲ್ಲ ಒಂದು ಶಾಲೆಯ ಕೆಫೆಟೀರಿಯಾದಲ್ಲಿ ಹಿಡಿಸುತ್ತಿದ್ದೆವು. ಯುಗಾದಿ ಕಾರ್ಯಕ್ರಮದಲ್ಲಿ ಮೊದಲ ಸಾಲಿನ ಕುರ್ಚಿ ಅವರಿಗೆ, ಮೈಕೂ ಅವರಿಗೆ. ಹಾಳೂರಿಗೆ ಉಳಿದವನೇ ಗೌಡ. ಎಲ್ಲರೂ ಅವರನ್ನು ಸರ್ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ.

ನನ್ನದೂ ಒಂದು ಲಾ ಪದವಿ ಇತ್ತು. ಊರಿನ ಕೋರ್ಟಿನಲ್ಲಿ ಕರಿಕೋಟು ಹಾಕಿಕೊಂಡು ಒಂದಷ್ಟು ಕಾಲ ಓಡಾಡಿಯೂ ಇದ್ದೆ. ಗಂಡನಿಗೆ ಸನ್ನಿವೇಲ್‌ನಲ್ಲಿ ಕಂಪ್ಯೂಟರಿನ ಚಿಪ್ಪು ಮಾಡುವ ಕಂಪನಿಯಲ್ಲಿ ಕೆಲಸ ಸಿಕ್ಕಿದಾಗ, ಎರಡೇ ವರ್ಷ, ಆಮೇಲೆ ವಾಪಸ್ ಎಂದು ಎಲ್ಲರಿಗೂ ಹೇಳಿ ವಿಮಾನ ಹತ್ತಿದ್ದೆವು. ಕಾರಿನ ಸಾಲಕ್ಕೆ ಅದು ಇನ್ನೆರಡು ವರ್ಷವಾಯಿತು, ಗ್ರೀನ್ ಕಾರ್ಡಿಗೆ ಮತ್ತೆರಡು. ಕ್ಯಾಲಿಫೋರ್ನಿಯಾದಲ್ಲಿ ನನ್ನ ಪದವಿಯನ್ನು ಗೋಡೆಗೆ ನೇತುಹಾಕಬಹುದಿತ್ತೇ ಹೊರತು ಬೇರೇನೂ ಮಾಡುವಂತಿರಲಿಲ್ಲ. ಅದಕ್ಕೇ ದಿನಾ ಬೆಳಿಗ್ಗೆ ಫ್ರೀಮಾಂಟ್‌ವರೆಗೆ ಕಾರಿನಲ್ಲಿ ಹೋಗಿ, ಅಲ್ಲಿಂದ ಟ್ರೇನು ಹಿಡಿದು ಓಕ್ಲ್ಯಾಂಡಿಗೆ ಟೈಪು ಮಾಡಲು ಹೋಗುತ್ತಿದ್ದೆ.

ಸರ್ ಕಾನೂನು ಬರೆಯುವ ಬಗೆ ನೋಡಲೇಬೇಕಾದದ್ದು. ಸೂಟ್‌ಕೇಸಿನಿಂದ ದಪ್ಪ ಪುಸ್ತಕ ತೆಗೆದು, ಕನ್ನಡಕ ಹಣೆಗೇರಿಸಿ, ಓದುತ್ತಾ ಹೋಗುತ್ತಿದ್ದರು. ನಮ್ಮ ರಾಜ್ಯದ ಹೆಸರು ಬಂದ ಕಡೆ ಆ ದೇಶದ ಹೆಸರು ಹಾಕುವುದು ನನ್ನ ಕೆಲಸ. ಅದನ್ನೂ ಯಂತ್ರವೇ ಹುಡುಕಿ ಬದಲಾಯಿಸುತ್ತಿತ್ತು. ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ.

“ಸರ್, ಹೋಬಳಿ ಅಂತಿದೆ. ಆ ದ್ವೀಪದಲ್ಲಿ ಹೋಬಳಿ ಎಲ್ಲಿರುತ್ತೆ?”

“ಇರ್ಲಿ ಬಿಡಮ್ಮಾ. ಕಾನೂನು ಅನ್ನೋದು ಬೆಳೆಯೋ ಹುಡುಗನಿಗೆ ಹೊಲಿಸಿದ ಷರ್ಟು. ಸ್ವಲ್ಪ ದೊಡ್ಡದಾಗೇ ಇರಬೇಕು.”

ಷರ್ಟು ಯಾರ ಅಳತೆಯದೆಂದು ಕೇಳುವುದು ನನ್ನ ಸಂಬಳಕ್ಕೆ ಮೀರಿದ ಮಾತು. ಸುಮ್ಮನೆ ಕುಟ್ಟಿದೆ. ಆದರೆ ಒಂದು ಕಲಮು ಬಂದಾಗ ನನ್ನ ಬೆರಳು ನಿಂತುಹೋಯಿತು. ಸಂಘದ ಆಡಳಿತ ಮಂಡಳಿ ಸರಿಯಾಗಿ ನಡೆಯುತ್ತಿಲ್ಲ ಎಂದು ಸರ್ಕಾರದ ನಿಬಂಧಕರಿಗೆ ತೋರಿದಲ್ಲಿ, ಸಾರ್ವಜನಿಕ ಹಿತದೃಷ್ಟಿಯಿಂದ ಆ ಮಂಡಳಿಯನ್ನು ತೆಗೆದುಹಾಕಿ ಆರು ತಿಂಗಳ ಅವಧಿಗೆ ಆಡಳಿತಾಧಿಕಾರಿಯನ್ನು ನೇಮಿಸಬಹುದು, ಅಗತ್ಯವಿದ್ದಲ್ಲಿ ಅವಧಿಯನ್ನು ವಿಸ್ತರಿಸಬಹುದು. ಆ ಕಲಮನ್ನು ನಾನು ಪುಸ್ತಕ ನೋಡದೆ ಹೇಳಬಲ್ಲವಳಾಗಿದ್ದೆ. ನಾನು ಲಾ ಓದಿದ್ದೇ ಅದರ ಮೇಲಿನ ಸಿಟ್ಟಿಗೆ.

ನನ್ನ ಅಮ್ಮ ನಮ್ಮೂರಿನಲ್ಲಿ ಬೀದಿಯ ಹೆಂಗಸರನ್ನು ಸೇರಿಸಿ ಒಂದು ಮಹಿಳಾ ಸಹಕಾರ ಸಂಘ ಕಟ್ಟಿದ್ದಳು. ಹಪ್ಪಳ, ಸಂಡಿಗೆ, ಮೆಣಸಿನಪುಡಿಯಿಂದ ಶುರುವಾಗಿ, ಹೊಲಿಗೆ ಯಂತ್ರಕ್ಕೆ ಸಾಲ ಕೊಡುವಷ್ಟು ಬೆಳೆಯಿತು. ಒಂದು ಮಳಿಗೆಯೂ ಆಯಿತು. ಆ ಮಳಿಗೆ ಬಸ್ ಸ್ಟ್ಯಾಂಡಿನ ಎದುರಿಗಿದ್ದದ್ದೇ ಗ್ರಹಚಾರ. ಊರಿನ ಪುಢಾರಿಯೊಬ್ಬನಿಗೆ ಅದು ತನ್ನ ಭಾವಮೈದುನನ ಅಂಗಡಿಗೆ ಬೇಕಾಯಿತು. ಅಮ್ಮ ಕೊಡಲಿಲ್ಲ. ಎರಡು ವಾರದಲ್ಲಿ ಸಾರ್ವಜನಿಕ ಹಿತದೃಷ್ಟಿ ಎಚ್ಚರಗೊಂಡಿತು. ಮಂಡಳಿ ಹೋಯಿತು, ಆಡಳಿತಾಧಿಕಾರಿ ಬಂದ. ನಾನು ಹೈಸ್ಕೂಲಿನಲ್ಲಿದ್ದಾಗ ಆರು ತಿಂಗಳಿಗೆಂದು ಬಂದವನು ನನ್ನ ಮದುವೆಗೂ ಬಂದು ಚಿರೋಟಿ ಹಾಕಿಸಿಕೊಂಡು ತಿಂದು ಹೋದ. ಅವನು ನಿವೃತ್ತನಾದ ಮೇಲೆ ಇನ್ನೊಬ್ಬ ಬಂದ. ಮಳಿಗೆಯಲ್ಲಿ ಭಾವಮೈದುನ ಪ್ಲಾಸ್ಟಿಕ್ ಬಿಂದಿಗೆ ಮಾರುತ್ತಿದ್ದ. ಮಹಾಸಭೆ ಕರೆಯಿರಿ, ಚುನಾವಣೆ ಮಾಡಿ ಎಂದು ಅಮ್ಮ ಅಲೆದಳು. ನೀನು ಓದಿ ವಕೀಲಳಾಗು, ಇವರಿಗೆ ಕೋರ್ಟಿನಲ್ಲಿ ಬುದ್ಧಿ ಕಲಿಸೋಣ ಎಂದಳು. ನಾನು ಓದಿದೆ.

ಸರ್ ಕಾನೂನು ಬರೆಸುತ್ತಿದ್ದ ದಿನಗಳಲ್ಲಿ ಅಮ್ಮ ಸನ್ನಿವೇಲ್‌ನಲ್ಲೇ ಇದ್ದಳು. ಮೊಮ್ಮಗಳನ್ನು ನೋಡಲು ಆರು ತಿಂಗಳ ವೀಸಾದಲ್ಲಿ ಬಂದಿದ್ದಳು. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಪಾಸ್‌ಪೋರ್ಟಿಗೆ ತಾರೀಖು ಒತ್ತಿದ್ದನ್ನು ಅವಳು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದಳು.

“ನೋಡೇ, ಇವರಲ್ಲಿ ಆರು ತಿಂಗಳು ಅಂದ್ರೆ ಆರೇ ತಿಂಗಳು,” ಎನ್ನುತ್ತಿದ್ದಳು.

ಒಂದು ಭಾನುವಾರ ಸರ್ ಕರಡು ತಿದ್ದಿಸುವ ನೆಪದಲ್ಲಿ ನಮ್ಮ ಅಪಾರ್ಟ್‌ಮೆಂಟಿಗೆ ಬಂದರು. ಕರಡಿನ ಮೇಲೆ ಅವರಿಗಿದ್ದ ಪ್ರೀತಿ ಅಮ್ಮನ ಹುಳಿಯ ಮೇಲಿದ್ದ ಪ್ರೀತಿಯ ಅರ್ಧದಷ್ಟೂ ಇರಲಿಲ್ಲ. ಊಟಕ್ಕೆ ಕೂತಾಗ ಅಮ್ಮ ಬಡಿಸುತ್ತಾ ಕೇಳಿದಳು.

“ಆ ದೇಶದಲ್ಲೂ ಆಡಳಿತಾಧಿಕಾರಿ ಬರ್ತಾನಾ ಸ್ವಾಮಿ?”

“ಬರ್ಲೇಬೇಕಲ್ಲಮ್ಮಾ. ಜನಕ್ಕೆ ಎಲ್ಲಿ ಬುದ್ಧಿ ಇರುತ್ತೆ? ಅದು ಎಮರ್ಜೆನ್ಸಿ ಬ್ರೇಕು. ಕಾರಿಗೆ ಬ್ರೇಕೇ ಇಲ್ದಿದ್ರೆ ಹೇಗೆ?”

“ಎಷ್ಟು ದಿನಕ್ಕೆ ಬರ್ತಾನೆ?”

“ಆರು ತಿಂಗಳು. ಬೇಕಾದ್ರೆ ಎಕ್ಸ್‌ಟೆನ್ಶನ್ನು.”

ಅಮ್ಮ ಅವರ ತಟ್ಟೆಗೆ ಇನ್ನೊಂದು ಸೌಟು ಹುಳಿ ಹಾಕಿ ಒಳಗೆ ಹೋದಳು. ಉಣ್ಣುವವನ ಜೊತೆ ಅವಳು ಜಗಳವಾಡುವವಳಲ್ಲ. ನನಗೆ ಮಾತ್ರ ಮೈ ಉರಿದುಹೋಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನೋಡಿದ್ದೆ. ಈ ಮನುಷ್ಯ ಕೂಸು ಹುಟ್ಟುವ ಮುಂಚೆ ಚಟ್ಟ ಕಟ್ಟಿಟ್ಟು, ನನ್ನ ಮನೆಯಲ್ಲೇ ಕೂತು ಕೈ ನೆಕ್ಕಿಕೊಳ್ಳುತ್ತಿದ್ದರು.

ನೆರವು ಕೊಡುವವರ ನಿಯಮವೊಂದಿತ್ತು. ಕಾನೂನು ಯಾರಿಗೋ ಅವರಲ್ಲಿ ಒಬ್ಬರನ್ನಾದರೂ ಕರೆಸಿ ಅಭಿಪ್ರಾಯ ಕೇಳಬೇಕು. ಅಭಿಪ್ರಾಯ ಎಂದರೆ ಫೋಟೋ ತೆಗೆಸಿಕೊಳ್ಳುವುದು ಎಂದು ನಮ್ಮ ಕಚೇರಿಯವರು ತಿಳಿದಿದ್ದರು. ಹಾಗೆ ಬಂದವರು ಒಂದು ದ್ವೀಪದ ಹೆಂಗಸರ ಉಳಿತಾಯ ಗುಂಪಿನ ಅಧ್ಯಕ್ಷೆ. ದೊಡ್ಡ ಮೈಕಟ್ಟು, ಹೂವಿನ ಚಿತ್ರದ ಉದ್ದನೆಯ ಉಡುಪು, ಯಾರಿಗೂ ತಲೆಬಾಗಿ ಅಭ್ಯಾಸವಿಲ್ಲದ ಮುಖ. ಇಂಗ್ಲಿಷನ್ನು ನಿಧಾನವಾಗಿ, ಆದರೆ ಒಂದು ಪದವೂ ತಪ್ಪದಂತೆ ಆಡುತ್ತಿದ್ದರು. ಬಾಸು ಅವರನ್ನು ನೋಡಿಕೊಳ್ಳುವ ಹೊಣೆಯನ್ನು ನನಗೆ ಹಚ್ಚಿದ. ಅವನ ಲೆಕ್ಕದಲ್ಲಿ ಇಬ್ಬರೂ ಹೆಂಗಸರು, ಇಬ್ಬರೂ ಕಂದು ಬಣ್ಣದವರು, ಇನ್ನೇನು ಬೇಕು?

ಶನಿವಾರ ಅವರನ್ನು ಸನ್ನಿವೇಲ್‌ಗೆ ಕರೆತಂದೆ. ಸೋಫಾ ಬಿಟ್ಟು ನೆಲದ ಮೇಲೆ ಕೂತರು. ಅಷ್ಟಕ್ಕೇ ಅಮ್ಮನಿಗೆ ಅವರು ನೆಂಟರಾದರು. ಹೆಸರುಬೇಳೆ ಪಾಯಸ ಬಡಿಸಿ ತಾನೂ ಎದುರಿಗೆ ಕೂತಳು. ಅವರಿಬ್ಬರ ನಡುವೆ ಭಾಷೆ ಇರಲಿಲ್ಲ, ನಾನಿದ್ದೆ. ಆ ಕಡೆಯಿಂದ ಬಂದದ್ದನ್ನು ಈ ಕಡೆಗೆ ದಾಟಿಸುತ್ತಾ ಹೋದೆ. ಅಧ್ಯಕ್ಷೆ ತಮ್ಮ ಗುಂಪಿನ ಕಥೆ ಹೇಳಿದರು. ಬ್ಯಾಂಕಾಗುತ್ತದೆ ಎಂದು ಗೊತ್ತಾದ ದಿನದಿಂದ ಮಂತ್ರಿಯ ಅಣ್ಣ ದಿನಾ ಬಂದು ಅವರ ಕುರ್ಚಿಯ ಕ್ಷೇಮಸಮಾಚಾರ ವಿಚಾರಿಸುತ್ತಿದ್ದನಂತೆ.

ಅಮ್ಮ ನಕ್ಕಳು. ಆಮೇಲೆ ತನ್ನ ಸಂಘದ ಕಥೆ ಹೇಳಿದಳು. ಪುಢಾರಿ, ಭಾವಮೈದುನ, ಆರು ತಿಂಗಳು, ಪ್ಲಾಸ್ಟಿಕ್ ಬಿಂದಿಗೆ, ಒಂದನ್ನೂ ಬಿಡಲಿಲ್ಲ. ಅಧ್ಯಕ್ಷೆ ಪಾಯಸದ ಲೋಟ ಕೆಳಗಿಟ್ಟರು.

“ನೀವು ಬರೆದ ಕಾನೂನಿನಲ್ಲೂ ಆ ಮಾತು ಇದೆಯೇ?” ಎಂದು ನನ್ನನ್ನು ಕೇಳಿದರು.

ಇದೆ ಎಂದೆ. ನಾನು ಬರೆದವಳಲ್ಲ, ಟೈಪು ಮಾಡಿದವಳು ಎಂದು ಸೇರಿಸಬೇಕೆನಿಸಿತು. ಅವರ ಮುಖ ನೋಡಿ ಸೇರಿಸಲಿಲ್ಲ.

ಅವರು ತಮ್ಮ ದ್ವೀಪದ ಪದ್ಧತಿಯೊಂದನ್ನು ಹೇಳಿದರು. ಕಟ್ಟಳೆ ಮಾಡಿದವನು ಅದರ ಕೆಳಗೆ ಬಾಳುವವರ ಎದುರು ಚಾಪೆಯ ಮೇಲೆ ಕೂತು, ಮೊದಲಿನಿಂದ ಕೊನೆಯವರೆಗೆ ತನ್ನ ಬಾಯಿಂದಲೇ ಹೇಳಬೇಕು. ಕೇಳುವವರು ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಮಾಡಿದವನ ಬಾಯಲ್ಲೇ ಹೊರಡದ ಕಟ್ಟಳೆ ಕಟ್ಟಳೆಯೇ ಅಲ್ಲ. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಅಮ್ಮನಿಗೆ ತುಂಬ ಹಿಡಿಸಿತು.

“ನಮ್ಮವರು ಗೆಜೆಟ್‌ನಲ್ಲಿ ಹಾಕಿ ಕೈ ತೊಳ್ಕೋತಾರೆ. ಇವರು ಓದಿಸ್ಲಿ ಕಣೇ. ಆ ನಿಮ್ಮ ಸರ್ ಕೈಲೇ ಓದಿಸ್ಲಿ,” ಎಂದಳು.

ಸೋಮವಾರ ಅಧ್ಯಕ್ಷೆ ಕೇಳಿದಾಗ ಬಾಸು ವಂಡರ್‌ಫುಲ್ ಎಂದ. ಬಂದರಿನ ಕ್ರೇನುಗಳು ಕಾಣುವ ಮೀಟಿಂಗ್ ರೂಮಿನಲ್ಲಿ ಮೇಜನ್ನು ಪಕ್ಕಕ್ಕೆ ಸರಿಸಿದೆವು. ಅಧ್ಯಕ್ಷೆ ಊರಿನಿಂದ ತಂದಿದ್ದ ಚಾಪೆ ಹಾಸಿ ಕೂತರು. ಬಾಸು ಉದ್ದನೆಯ ಕಾಲುಗಳನ್ನು ಎಲ್ಲಿಡುವುದೆಂದು ತಿಳಿಯದೆ ಹೇಗೋ ಮಡಚಿಕೊಂಡ. ಸರ್ ಕೊನೆಗೆ ಕೂತರು, ಕೋಟಿನ ಗುಂಡಿ ಬಿಚ್ಚಿ. ತಿದ್ದುಪಡಿ ಗುರುತಿಸಲು ನಾನು ಗೋಡೆಗೊರಗಿ ಕೂತೆ.

ಸರ್‌ಗೆ ಓದುವುದೆಂದರೆ ಇಷ್ಟವೇ. ಮೊದಲ ಪುಟಗಳನ್ನು ಯುಗಾದಿ ಭಾಷಣದ ಗತ್ತಿನಲ್ಲೇ ಓದಿದರು. ಹೋಬಳಿ ಬಂತು. ಏನದು ಎಂದು ಅಧ್ಯಕ್ಷೆ ಕೇಳಿದರು, ಸರ್ ಗಂಟಲು ಸರಿಮಾಡಿಕೊಂಡರು. ಸಾಲಕ್ಕೆ ಎತ್ತು, ಗಾಡಿ, ನೇಗಿಲನ್ನು ಆಧಾರವಾಗಿ ಕೊಡಬಹುದು ಎಂಬುದು ಬಂತು. ನಮ್ಮಲ್ಲಿ ಎತ್ತಿಲ್ಲ, ಹಂದಿ ಇದೆ ಎಂದರು ಅಧ್ಯಕ್ಷೆ. ಬಾಸು ನನ್ನ ಕಡೆ ನೋಡಿದ, ನಾನು ಹಂದಿ ಎಂದು ಗುರುತು ಹಾಕಿಕೊಂಡೆ. ಮಹಾಸಭೆಯ ವಿಚಾರವನ್ನು ತಮಟೆ ಸಾರಿಸಿ, ಚಾವಡಿಯ ಗೋಡೆಗೆ ಅಂಟಿಸಿ ಪ್ರಕಟಿಸತಕ್ಕದ್ದು ಎನ್ನುವಾಗ ಸರ್ ದನಿ ಇಳಿದುಹೋಯಿತು. ತಾವೇ ಬರೆದದ್ದನ್ನು ಅವರು ಮೊದಲ ಸಲ ಓದುತ್ತಿದ್ದರು. ಮುಖದ ಬೆವರೇ ಅದನ್ನು ಹೇಳುತ್ತಿತ್ತು. ನನಗೆ ಕನಿಕರ ಬರಲಿಲ್ಲ. ಹಬ್ಬದೂಟದಷ್ಟು ಸಂತೋಷವಾಯಿತು.

ಒಂದು ಕಡೆ ಅಧ್ಯಕ್ಷೆ ಕೈ ಎತ್ತಿದರು.

“ನೀವು ಎರಡು ಹಾಳೆಯನ್ನು ಒಟ್ಟಿಗೆ ತಿರುವಿದಿರಿ.”

ಸರ್ ನಗಲು ನೋಡಿದರು. ಹಾಳೆ ಹಿಂದಕ್ಕೆ ತಿರುವಿ ಆ ಕಲಮನ್ನು ಓದಿದರು.

“ಆರು ತಿಂಗಳಾದ ಮೇಲೆ?” ಎಂದರು ಅಧ್ಯಕ್ಷೆ.

“ಸದಸ್ಯರಿಗೆ ವಾಪಸ್ ಕೊಡುತ್ತೇವೆ. ಸಾಮಾನ್ಯವಾಗಿ.”

“ನೀವು ಆ ಕೆಲಸದಲ್ಲಿ ಬಹಳ ವರ್ಷ ಇದ್ದಿರಿ. ಹಾಗೆ ಆರು ತಿಂಗಳಲ್ಲಿ ವಾಪಸ್ ಕೊಟ್ಟ ಒಂದು ಸಂಘದ ಹೆಸರು ಹೇಳಿ.”

ಯಾವ ಮಂತ್ರಿಯ ಕಾಲದಲ್ಲಿ ಯಾವ ತಿದ್ದುಪಡಿ ಬಂತು ಎಂದು ಬಾಯಿಪಾಠ ಒಪ್ಪಿಸುತ್ತಿದ್ದ ಮನುಷ್ಯ. ಕಿಟಕಿ ನೋಡಿದರು, ಸೂರು ನೋಡಿದರು. ಬಂದರಿನಲ್ಲಿ ಒಂದು ಕ್ರೇನು ಪೆಟ್ಟಿಗೆ ಎತ್ತಿ ಹಡಗಿನ ಮೇಲಿಟ್ಟಿತು, ಇನ್ನೊಂದನ್ನೂ ಎತ್ತಿಟ್ಟಿತು. ಕೊನೆಗೆ ಸರ್ ನನ್ನ ಕಡೆ ತಿರುಗಿ ಕನ್ನಡಕ್ಕೆ ಇಳಿದರು.

“ಏನಮ್ಮಾ, ನೀನಾದ್ರೂ ಹೇಳು. ಇರ್ತಾವಲ್ಲ ಅಂಥವು ಬೇಕಾದಷ್ಟು.”

“ನನಗೆ ಗೊತ್ತಿರೋದು ಒಂದೇ ಸಂಘ ಸರ್. ಅದಿನ್ನೂ ವಾಪಸ್ ಬಂದಿಲ್ಲ. ಆವತ್ತು ಭಾನುವಾರ ನಮ್ಮಮ್ಮನ ಕೈಲಿ ಹುಳಿ ಬಡಿಸ್ಕೊಂಡ್ರಲ್ಲ, ಅವರೇ ಅದರ ಅಧ್ಯಕ್ಷರು.”

ಸರ್ ಮುಖ ಹಪ್ಪಳದ ಹಿಟ್ಟಿನ ಬಣ್ಣಕ್ಕೆ ತಿರುಗಿತು. ನಾನು ಅಷ್ಟಕ್ಕೇ ಬಿಡಲಿಲ್ಲ, ಅದನ್ನೇ ಇಂಗ್ಲಿಷಿನಲ್ಲೂ ಹೇಳಿದೆ. ಬಾಸು ಈ ಸಲ ವಂಡರ್‌ಫುಲ್ ಎನ್ನಲಿಲ್ಲ. ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಆ ಕಲಮಿನ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದ. ಮಂಡಳಿಯನ್ನು ತೆಗೆಯುವುದಿದ್ದರೆ ಸದಸ್ಯರೇ ಸಭೆ ಸೇರಿ ತೆಗೆಯಬೇಕು ಎಂಬ ಹೊಸ ಮಾತು ಆ ಜಾಗಕ್ಕೆ ಬಂತು. ಅಧ್ಯಕ್ಷೆ ಅದನ್ನೂ ಸರ್ ಬಾಯಲ್ಲೇ ಓದಿಸಿದರು. ಮುಂದಿನ ಯುಗಾದಿಯಲ್ಲಿ ಸರ್ ಮೈಕು ಹಿಡಿದು, ಒಂದು ಪುಟ್ಟ ದೇಶಕ್ಕೆ ಅಪ್ಪಟ ಪ್ರಜಾಪ್ರಭುತ್ವದ ಸಹಕಾರ ಕಾನೂನು ಕೊಟ್ಟ ಬಗೆಯನ್ನು ವರ್ಣಿಸಿದರಂತೆ. ನಾನು ಹೋಗಿರಲಿಲ್ಲ. ಹೋದವರು ಚಪ್ಪಾಳೆ ಹೊಡೆದರಂತೆ. ಹೊಡೆಯದೆ ಇನ್ನೇನು ಮಾಡುತ್ತಾರೆ, ಊಟ ಇನ್ನೂ ಬಡಿಸಿರಲಿಲ್ಲ.

ಆ ಕಲಮಿಗೆ ಗೆರೆ ಬಿದ್ದ ದಿನ ಸಂಜೆ ಫ್ರೀಮಾಂಟಿನಿಂದ ಮನೆಯವರೆಗೆ ನಾನು ಕಾರಿನಲ್ಲಿ ಒಬ್ಬಳೇ ಹಾಡಿಕೊಂಡು ಬಂದೆ. ಅಮ್ಮನ ವೀಸಾದ ಅವಧಿ ಮುಗಿಯುತ್ತಾ ಬಂದಿತ್ತು. ಮಲಗುವ ಕೋಣೆಯ ನೆಲದ ಮೇಲೆ ಸೂಟ್‌ಕೇಸು ತೆರೆದು, ಬಾದಾಮಿ ಪೊಟ್ಟಣಗಳ ನಡುವೆ ಸೀರೆ ತುಂಬುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಸರ್ ಮುಖ ಹೇಗಾಯಿತು ಎಂಬುದನ್ನು ಮತ್ತೆ ಹೇಳಿಸಿದಳು. ಎರಡು ಹಾಳೆ ಒಟ್ಟಿಗೆ ತಿರುವಿದ್ದನ್ನು ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನೋಡಿ ಬಹಳ ವರ್ಷವಾಗಿತ್ತು. ಅವಳ ಸಂಘಕ್ಕೆ ನ್ಯಾಯ ಸಿಕ್ಕಿತು ಎಂದೇ ಆ ಗಳಿಗೆಯಲ್ಲಿ ನನಗನಿಸಿತು.

ಅಷ್ಟರಲ್ಲಿ ಆಫೀಸಿನಿಂದ ಬಂದ ನನ್ನ ಗಂಡ ಬಾಗಿಲಲ್ಲೇ ನಿಂತು ಸೂಟ್‌ಕೇಸು ನೋಡಿದ.

“ಅತ್ತೆ, ಇಷ್ಟು ಬೇಗ ಯಾಕೆ ಪ್ಯಾಕಿಂಗು? ಇನ್ನಾರು ತಿಂಗಳು ಎಕ್ಸ್‌ಟೆನ್ಶನ್ ಮಾಡಿಸ್ತೀನಿ, ಆರಾಮಾಗಿ ಇದ್ಬಿಡಿ. ಒಂದು ಫಾರ್ಮು ಹಾಕಿದ್ರೆ ಮುಗೀತು.”

ಅಮ್ಮನ ನಗು ಪೂರ್ತಿ ಇಳಿದಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಅವನನ್ನು ನೋಡಿದಳು, ಆಮೇಲೆ ನನ್ನನ್ನು.

“ಅಲ್ಲಾ ಕಣೇ, ಆಯಮ್ಮ ಕೇಳಿದ್ದನ್ನ ನಾನೂ ಕೇಳ್ತೀನಿ, ಹೇಳು. ಎರಡೇ ವರ್ಷ ಅಂತ ಹೇಳಿ ಇಲ್ಲಿಗೆ ಬಂದೋರಲ್ಲಿ, ಎರಡು ವರ್ಷಕ್ಕೆ ವಾಪಸ್ ಹೋಗಿರೋರು ಒಬ್ಬರ ಹೆಸರು ಹೇಳು.”

ಗಂಡ ನನ್ನ ಮುಖ ನೋಡಿದ. ಸನ್ನಿವೇಲ್‌ನಿಂದ ಫ್ರೀಮಾಂಟ್‌ವರೆಗೆ, ಆಚೆ ಓಕ್ಲ್ಯಾಂಡ್‌ವರೆಗೆ, ನಮಗೆ ಗೊತ್ತಿದ್ದ ಮನೆಗಳ ಬಾಗಿಲನ್ನೆಲ್ಲ ನಾನು ಮನಸ್ಸಿನಲ್ಲೇ ತಟ್ಟಿ ಬಂದೆ. ಯಾವ ಮನೆಯೂ ಖಾಲಿಯಾಗಿರಲಿಲ್ಲ. ಪಕ್ಕದ ಕೋಣೆಯಲ್ಲಿ ಮಗಳು ಟೀವಿಯ ಜೊತೆ ಇಂಗ್ಲಿಷಿನಲ್ಲಿ ಎಣಿಸುತ್ತಿದ್ದಳು. ನಾನು ಕಿಟಕಿ ನೋಡಿದೆ. ಆಮೇಲೆ ಸೂರು ನೋಡಿದೆ.

ಅಮ್ಮ ಸೂಟ್‌ಕೇಸಿನ ಮುಚ್ಚಳ ಹಾಕಿ, ಅದು ಕೂರದಿದ್ದಾಗ ಮೇಲೆ ತಾನೇ ಕೂತಳು.

“ನನ್ನ ಆರು ತಿಂಗಳು ಮುಗೀತು, ಹೊರಡ್ತೀನಿ,” ಎಂದಳು. “ಬಾ, ಬೀಗ ಹಾಕು.”